ಇಂಗ್ಲಿಷ್ ಬಾರದ ಮಗು

"ಮಂಗನಬಾವು ಮಿಸ್," ಎಂದ ಇಸ್ತ್ರಿ ಅಂಗಡಿಯವನು, ಎರಡೂ ಕೆನ್ನೆಗಳ ಕೆಳಗೆ ಕೈಯಿಟ್ಟು ಎಷ್ಟು ಊದಿದೆಯೆಂದು ತೋರಿಸುತ್ತಾ. "ಬೆಳಿಗ್ಗೆ ಎದ್ದು ನೋಡ್ತೀನಿ, ಮುಖ ಹಿಂಗಾಗಿದೆ. ಬಾಯಿ ತೆಗೆಯೋಕೇ ಆಗ್ತಿಲ್ಲ ಅದಕ್ಕೆ. ಇನ್ನು ಇಂಗ್ಲಿಷ್ ಎಲ್ಲಿಂದ ಕಲಿಯತ್ತೆ ಹೇಳಿ?"

ಬಾಗಿಲಲ್ಲಿ ನಿಂತಿದ್ದ ಮಿಸ್ ಒಳಕ್ಕೆ ತಿರುಗಿ ನೋಡಿದಳು. ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಇಪ್ಪತ್ತು ನಿಮಿಷವಿತ್ತು. ಹತ್ತು ಹೊಡೆಯುತ್ತಲೂ ಸಮುದ್ರದಾಚೆಯ ಒಂದು ಶಾಲೆಯವರು ಲ್ಯಾಪ್‌ಟಾಪಿನಲ್ಲಿ ಕಾಣಿಸಿಕೊಳ್ಳುವವರಿದ್ದರು. ಅವರ ಎದುರಿಗೆ ಅರ್ಧ ಗಂಟೆ ಪಾಠ ಮಾಡಿ ತೋರಿಸಬೇಕು. ಪಾಠ ಕಲಿಯಲು ಬರಬೇಕಾಗಿದ್ದವಳು ಇಸ್ತ್ರಿಯವನ ಮಗಳು. ಆಕೆಗೋಸ್ಕರ ಮಿಸ್ ನಿನ್ನೆಯೇ ಬಿಸ್ಕತ್ತಿನ ಪೊಟ್ಟಣ ತಂದಿಟ್ಟಿದ್ದಳು.

"ಹುಷಾರಾಗಿ ನೋಡ್ಕೊಳ್ಳಿ ಮಗೂನ," ಎಂದು ಹೇಗೋ ಹೇಳಿ, ಬಿಸ್ಕತ್ತಿನ ಪೊಟ್ಟಣವನ್ನು ಅವನ ಕೈಗಿತ್ತು ಒಳಗೆ ಬಂದಳು.

ಬೀದಿಯವರೆಲ್ಲ ಆಕೆಯನ್ನು ಕರೆಯುವುದೇ ಇಂಗ್ಲಿಷ್ ಮಿಸ್ ಎಂದು. ಹತ್ತಿರದ ಶಾಲೆಯಲ್ಲಿ ಹನ್ನೊಂದು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದಳು. ಹೊಸ ಆಡಳಿತದವರು ಬಂದು, ಶಿಕ್ಷಕ ತರಬೇತಿ ಆಗದವರೆಲ್ಲ ಮನೆಗೆ ಹೋಗಿ ಎಂದರು. ಕೆಲಸ ಹೋಗಿ ವರ್ಷವಾಗಿತ್ತು, ಹೆಸರು ಮಾತ್ರ ಉಳಿದಿತ್ತು. ಹೆಸರಿಗೇನು, ಯಾರೂ ಸಂಬಳ ಕೊಡಬೇಕಾಗಿಲ್ಲವಲ್ಲ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಅಕ್ಕನ ಮನೆಯ ಹಿಂದಿನ ಕೋಣೆಗೆ ಬಂದವಳು ಇನ್ನೂ ಅಲ್ಲೇ ಇದ್ದಳು. ಅಕ್ಕ ಕೆಟ್ಟವಳಲ್ಲ, ಭಾವನೂ ಕೆಟ್ಟವರಲ್ಲ. ಆದರೆ ಇನ್ನೊಬ್ಬರ ಮನೆಯಲ್ಲಿ ಆರು ವರ್ಷ ಇದ್ದವರಿಗೆ ಭಾವ ಕೆಮ್ಮಿದರೂ ಅದಕ್ಕೊಂದು ಅರ್ಥವಿದೆಯೇನೋ ಅನ್ನಿಸತೊಡಗುತ್ತದೆ. ತನ್ನದೇ ಒಂದು ಬಾಗಿಲು, ಅದಕ್ಕೆ ತನ್ನದೇ ಒಂದು ಚಿಲಕ, ಒಳಗೆ ತಾನೂ ಮಗಳೂ. ಮಿಸ್‌ಗೆ ಬೇಕಾಗಿದ್ದದ್ದು ಅಷ್ಟೇ. ಅದನ್ನು ಇಲ್ಲಿದ್ದುಕೊಂಡು ಸಂಪಾದಿಸುವ ದಾರಿ ಅವಳಿಗೆ ಕಂಡಿರಲಿಲ್ಲ.

ಹೊರದೇಶಗಳಲ್ಲಿ ಇಂಗ್ಲಿಷ್ ಕಲಿಸುವವರು ಬೇಕಂತೆ ಎಂದು ಯಾರೋ ಹೇಳಿದ್ದೇ ತಡ, ನಾಲ್ಕು ತಿಂಗಳು ಕೂತು ಒಂದು ಕೋರ್ಸು ಮುಗಿಸಿ, ಸಿಕ್ಕಸಿಕ್ಕಲ್ಲಿಗೆ ಅರ್ಜಿ ಹಾಕಿದ್ದಳು. ಹುಟ್ಟಾ ಇಂಗ್ಲಿಷ್ ಮಾತಾಡುವ ದೇಶದವರು ಮಾತ್ರ ಬೇಕು ಎಂದವರೇ ಹೆಚ್ಚು. ಒಬ್ಬರು ನಿಂತಿರುವ ಫೋಟೋ ಕಳಿಸಿ ಎಂದರು, ಕಳಿಸಿದ ಮೇಲೆ ಸುದ್ದಿಯೇ ಇಲ್ಲ. ಇನ್ನೊಬ್ಬರು, ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ, ಆದರೆ ನಿಮ್ಮ ಪಾಸ್‌ಪೋರ್ಟ್ ಅಷ್ಟು ಚೆನ್ನಾಗಿಲ್ಲ ಎಂಬರ್ಥ ಬರುವ ಹಾಗೆ ಬಹಳ ಮರ್ಯಾದೆಯಿಂದ ಬರೆದರು. ಕೊನೆಗೆ ಪರೀಕ್ಷೆಗೆ ಕರೆದದ್ದು ಈ ಶಾಲೆಯೊಂದೇ. ಹಿಮ ಬೀಳುವ ಊರು, ಚಿಕ್ಕ ಮಕ್ಕಳ ಶಾಲೆ, ಎರಡು ವರ್ಷದ ಕರಾರು. ಶಾಲೆಯ ಹಾಸ್ಟೆಲಿನಲ್ಲಿ ಒಬ್ಬರಿಗೆ ಒಂದು ಕೋಣೆ, ಒಂದು ಮಂಚ. ಸಂಸಾರಸ್ಥರನ್ನು ತೆಗೆದುಕೊಳ್ಳುವುದಿಲ್ಲ.

ಕೆಲಸ ಕೊಡಿಸುವ ಏಜೆನ್ಸಿಯ ಹೆಂಗಸು ಫೋನಿನಲ್ಲಿ ಬಿಡಿಸಿ ಹೇಳಿದ್ದಳು: "ಮಗು ಇದೆ ಅಂತ ಬರೆದ್ರೆ ಅಲ್ಲಿಗೇ ಮುಗೀತು ಮೇಡಂ. ಇಲ್ಲ ಅಂತ ಹಾಕಿ. ಹೆಂಗೂ ನಿಮ್ಮಕ್ಕನ ಹತ್ರ ಬಿಟ್ಟು ಹೋಗ್ತೀರಲ್ಲ, ಅಲ್ಲಿಗೆ ಬರಲ್ಲ ತಾನೇ? ಅವರ ಲೆಕ್ಕಕ್ಕೆ ಇಲ್ಲ ಅಂತಲೇ ಆಯ್ತು." ಅರ್ಜಿಯಲ್ಲಿ 'ಮಕ್ಕಳು' ಎಂಬಲ್ಲಿ ಮಿಸ್ 'ಇಲ್ಲ' ಎಂದು ಬರೆದಿದ್ದಳು. ಬರೆದ ಮೇಲೆ ಎದ್ದು ಹೋಗಿ, ಮಲಗಿದ್ದ ಮಗಳ ಹೊದಿಕೆಯನ್ನು ಸುಮ್ಮನೆ ಸರಿಪಡಿಸಿದ್ದಳು.

ಈಗ ಪರೀಕ್ಷೆಗೆ ಇಂಗ್ಲಿಷ್ ಬಾರದ ಒಂದು ಮಗು ಬೇಕು. ಆರರಿಂದ ಒಂಬತ್ತು ವರ್ಷದೊಳಗಿನದು, ನೆಂಟರ ಪೈಕಿ ಅಲ್ಲದ್ದು. ಅದರ ಭಾಷೆಯನ್ನು ಒಂದಕ್ಷರವೂ ಬಳಸದೆ, ಮುಟ್ಟಿ ತೋರಿಸಿ, ಕೈಸನ್ನೆ ಬಾಯಿಸನ್ನೆ ಮಾಡಿ ಇಂಗ್ಲಿಷಿನಲ್ಲೇ ಇಂಗ್ಲಿಷ್ ಕಲಿಸಬೇಕು. ಆ ಶಾಲೆಯ ಪದ್ಧತಿ ಅದು.

"ಏನಂತೆ?" ಎಂದಳು ಅಕ್ಕ. ಅವಳು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಹೇಳಿದ್ದನ್ನು ಕೇಳಿ ಮೆಷಿನ್ ನಿಲ್ಲಿಸಿದಳು. "ಮನೇಲೇ ಒಂದು ಮಗು ಇಟ್ಕೊಂಡು ಊರೆಲ್ಲ ಹುಡುಕ್ತೀಯಲ್ಲೇ!"

"ಅವಳಿಗೆ ಇಂಗ್ಲಿಷ್ ಬರತ್ತೆ ಅಕ್ಕಾ."

"ಬರಲ್ಲ ಅಂತ ಮಾಡಿದ್ರಾಯ್ತು. ಬರದೇ ಇರೋದನ್ನ ಬರತ್ತೆ ಅಂತ ತೋರಿಸೋದು ಕಷ್ಟ. ಬರೋದನ್ನ ಬರಲ್ಲ ಅನ್ನೋದೇನು ಮಹಾ? ಮದುವೆ ಆದಾಗಿಂದ ನಿಮ್ಮ ಭಾವ ಮನೆಗೆಲಸದಲ್ಲಿ ಅದನ್ನೇ ಮಾಡ್ಕೊಂಡು ಬಂದಿದಾರೆ."

ಮೆಷಿನ್ನಿನ ಕಾಲ ಬಳಿ ಕೂತು ಗುಂಡಿಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತಿದ್ದ ಮಗಳು ತಲೆಯೆತ್ತಿದಳು. ಎಂಟು ವರ್ಷ. ಅಂಗಿಯಿಂದ ಉದುರಿದ ಗುಂಡಿ ಎಲ್ಲೇ ಬಿದ್ದಿರಲಿ ಹೆಕ್ಕಿ ಡಬ್ಬಿಗೆ ಹಾಕಿಕೊಳ್ಳುತ್ತಾಳೆಂದು ದೊಡ್ಡಮ್ಮ ಅವಳನ್ನು ಗುಂಡಿ ಎಂದೇ ಕರೆದು, ಅದೇ ಹೆಸರು ನಿಂತುಬಿಟ್ಟಿತ್ತು.

ಮಿಸ್ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಗುಂಡೀ, ಒಂದು ಆಟ. ನಿಂಗೆ ಇಂಗ್ಲಿಷ್ ಬರಲ್ಲ. ಒಂದಕ್ಷರಾನೂ ಬರಲ್ಲ. ನಾನು ಹೇಳ್ಕೊಟ್ಟಷ್ಟೇ ಹೇಳ್ಬೇಕು, ಅದನ್ನೂ ಮೊದಮೊದಲು ತಪ್ಪು ತಪ್ಪಾಗಿ. ಮತ್ತೆ..." ಎಂದು ಒಂದು ಕ್ಷಣ ತಡೆದಳು. "ಮತ್ತೆ, ನಾನು ನಿನ್ನ ಅಮ್ಮ ಅಲ್ಲ."

"ಸ್ಕೂಲಲ್ಲಿ ಥರಾನಾ?"

ಅದು ಮಿಸ್ ಕಲಿಸುತ್ತಿದ್ದ, ಗುಂಡಿಯೂ ಓದುತ್ತಿದ್ದ ಶಾಲೆಯ ಪದ್ಧತಿಯಾಗಿತ್ತು. ಟೀಚರ ಮಕ್ಕಳು ಗೇಟಿನೊಳಗೆ ಕಾಲಿಟ್ಟ ಮೇಲೆ ಅಮ್ಮನನ್ನು ಮಿಸ್ ಎನ್ನಬೇಕು. ಗುಂಡಿ ನಾಲ್ಕು ವರ್ಷದವಳಿದ್ದಾಗಿನಿಂದ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಒಮ್ಮೆ ಮೈದಾನದಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡು ರಕ್ತ ಸುರಿಯುತ್ತಿದ್ದಾಗಲೂ "ಮಿಸ್! ಮಿಸ್!" ಎಂದೇ ಅತ್ತಿದ್ದಳು. ಎಂಥಾ ಶಿಸ್ತು ನೋಡಿ ಎಂದು ಮುಖ್ಯೋಪಾಧ್ಯಾಯಿನಿ ಎಲ್ಲರ ಮುಂದೆ ಹೊಗಳಿದ್ದರು. ಆ ದಿನ ಮಿಸ್‌ಗೂ ಹೆಮ್ಮೆಯಾಗಿತ್ತು. ಹಾಗೆ ಹೆಮ್ಮೆಪಟ್ಟಿದ್ದಕ್ಕೆ ಆಮೇಲೆ ಅವಳು ತನ್ನನ್ನು ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

"ಹೂಂ, ಸ್ಕೂಲಲ್ಲಿ ಥರಾನೇ."

"ನಾನು ಚೆನ್ನಾಗಿ ಮಾಡಿದ್ರೆ ಅವರು ನಮ್ಮನ್ನ ಕರ್ಕೊಳ್ತಾರಾ?"

ಗಡಿಯಾರದಲ್ಲಿ ಹತ್ತಕ್ಕೆ ಎಂಟು ನಿಮಿಷ. ಲ್ಯಾಪ್‌ಟಾಪಿಗೆ ಇನ್ನೂ ಚಾರ್ಜರ್ ಹಾಕಿರಲಿಲ್ಲ, ಮಂಚದ ಮೇಲೆ ಬಟ್ಟೆಯ ರಾಶಿ ಬಿದ್ದಿತ್ತು. "ಕರ್ಕೊಳ್ತಾರೆ ಕಣೇ, ಕರ್ಕೊಳ್ತಾರೆ. ಮೊದಲು ತಲೆ ಬಾಚ್ಕೊಳ್ಳೋಣ ಬಾ."

ಹತ್ತು ಗಂಟೆಗೆ ಸರಿಯಾಗಿ ತೆರೆಯ ಮೇಲೆ ಇಬ್ಬರು ಬಂದರು. ಕನ್ನಡಕದ ಒಬ್ಬ ಹೆಂಗಸು, ಮತ್ತು ಉದ್ದಕ್ಕೂ ದೊಡ್ಡ ಲೋಟದಲ್ಲಿ ಏನನ್ನೋ ಕುಡಿಯುತ್ತಲೇ ಇದ್ದ ಒಬ್ಬ ಗಂಡಸು. ಕೋಣೆಯಲ್ಲಿರುವ ವಸ್ತುಗಳು, ಅದೇ ಇವತ್ತಿನ ಪಾಠ ಎಂದರು. ಮಿಸ್ ಬಾಗಿಲ ಬಳಿ ಹೋಗಿ ಅಂಗೈಯಿಂದ ಅದನ್ನು ತಟ್ಟಿದಳು. "ಡೋರ್." ಮತ್ತೆ ತಟ್ಟಿದಳು. "ಡೋರ್." ಕೈ ಕಿವಿಗೆ ತಂದು, ಈಗ ನೀನು ಎಂಬಂತೆ ಗುಂಡಿಯ ಕಡೆ ಬಾಗಿದಳು.

ಗುಂಡಿ ಬಾಯಿ ತೆರೆದಳು, ಮುಚ್ಚಿದಳು. ಅನುಮಾನದಿಂದ ಬಾಗಿಲನ್ನು ನೋಡಿದಳು. "ಡೋ..." ಎಂದಳು. "ಡೋಲು."

ಎರಡು ವರ್ಷದ ಹಿಂದೆಯೇ ಇಂಗ್ಲಿಷ್ ಕಥೆಪುಸ್ತಕಗಳನ್ನು ಗಟ್ಟಿಯಾಗಿ ಓದಿ ದೊಡ್ಡಪ್ಪನ ನಿದ್ದೆ ಕೆಡಿಸುತ್ತಿದ್ದವಳು! ಮಿಸ್ ನಗು ತಡೆದುಕೊಂಡು ತುಟಿ ದುಂಡಗೆ ಮಾಡಿ ತೋರಿಸಿದಳು. ಮೂರನೇ ಸಲಕ್ಕೆ ಸರಿಯಾಯಿತು. ಸರಿಯಾದ ಕೂಡಲೇ ಗುಂಡಿಯ ಮುಖ, ಆ ಪದ ಹುಟ್ಟಿದಾಗಿನಿಂದ ಅವಳಿಗಾಗಿಯೇ ಕಾದಿತ್ತೇನೋ ಎಂಬಂತೆ ಅರಳಿತು. ಕಿಟಕಿ ಬಂತು, ಮಂಚ ಬಂತು. ಮೇಜನ್ನು ಮುಟ್ಟಿ "ಚೇರ್" ಎಂದಳು. ಮಿಸ್ ಅಲ್ಲವೆಂದು ತಲೆಯಾಡಿಸಿದಾಗ ನಾಲಿಗೆ ಕಚ್ಚಿಕೊಂಡು, ಯೋಚಿಸಿ, ಪಕ್ಕದ ಕುರ್ಚಿಯನ್ನು ಮುಟ್ಟಿ "ಟೇಬಲ್" ಎಂದಳು. ಕನ್ನಡಕದ ಹೆಂಗಸು ನಕ್ಕಳು. ಮಗು ತಪ್ಪು ಮಾಡುತ್ತಿದ್ದದ್ದು ಎಲ್ಲಿ ತಿದ್ದಿದರೆ ಟೀಚರ ಜಾಣತನ ಕಾಣುತ್ತದೋ ಅಲ್ಲೇ. ಮಿಸ್‌ಗೆ ಅದು ಅರ್ಥವಾಗುತ್ತಾ ಹೋದಂತೆ ನಗು ನಿಂತುಹೋಯಿತು. ತನ್ನ ಮಗಳಿಗೆ ಇಷ್ಟು ಚೆನ್ನಾಗಿ ನಟಿಸಲು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಯಾರಿಂದ ಕಲಿತಳು ಎಂದು ಕೇಳಿಕೊಳ್ಳಲು ಭಯವಾಯಿತು.

ಅರ್ಧ ಗಂಟೆ ಮುಗಿಯುವ ಹೊತ್ತಿಗೆ ಗುಂಡಿ ಕಿಟಕಿಯ ಬಳಿ ನಿಂತು "ದಿಸ್ ಈಸ್ ಎ ವಿಂಡೋ" ಎಂದು ಪೂರ್ತಿ ವಾಕ್ಯ ಹೇಳಿದಳು. ಹೆಂಗಸು ಚಪ್ಪಾಳೆ ತಟ್ಟಿದಳು. ಗಂಡಸು ಲೋಟ ಕೆಳಗಿಟ್ಟ. ಆಮೇಲೆ ಆ ಹೆಂಗಸು ತೆರೆಯ ಹತ್ತಿರಕ್ಕೆ ಬಾಗಿ, ಪ್ರೀತಿಯಿಂದಲೇ, ಇಂಗ್ಲಿಷಿನಲ್ಲಿ ಗುಂಡಿಯನ್ನು ಕೇಳಿದಳು: "ಜಾಣೆ ನೀನು! ನಿನ್ನ ಅಮ್ಮ ಎಲ್ಲಿ, ಮರೀ?"

ಗುಂಡಿಗೆ ಆ ಪ್ರಶ್ನೆ ಪದಪದವೂ ಅರ್ಥವಾಗುತ್ತದೆಂದು ಆ ಕೋಣೆಯಲ್ಲಿ ಒಬ್ಬಳಿಗೆ ಗೊತ್ತಿತ್ತು. ಮಗುವಿನ ಕಣ್ಣು ಇತ್ತ ಹೊರಳಿದರೂ ಸಾಕು, ಎಲ್ಲ ಮುಗಿಯಿತು. ಗುಂಡಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೆಂಗಸನ್ನೇ ಪಿಳಿಪಿಳಿ ನೋಡಿದಳು. ಕೊನೆಗೆ, ಯಾವ ಮಗುವಾದರೂ ತಿಳಿಯದಿದ್ದಾಗ ಟೀಚರ ಕಡೆ ತಿರುಗುವ ಹಾಗೆ ತಿರುಗಿ, ಕನ್ನಡದಲ್ಲಿ ಕೇಳಿದಳು: "ಮಿಸ್, ಅವರು ಏನು ಕೇಳ್ತಿದಾರೆ?"

ತೆರೆಯ ಮೇಲಿನ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಪಾಪ, ನಿಜವಾಗಿಯೂ ಏನೂ ಬರುವುದಿಲ್ಲ, ಅಂಥದಕ್ಕೆ ಅರ್ಧ ಗಂಟೆಯಲ್ಲಿ ಇಷ್ಟು ಕಲಿಸಿದ್ದಾಳೆ ಎಂಬಂತೆ ಹೆಂಗಸು ಏನೋ ಬರೆದುಕೊಂಡಳು. ಮಿಸ್, "ಪಕ್ಕದ ಮನೆಯ ಮಗು. ಇವಳ ಅಮ್ಮ ಮನೆಯಲ್ಲಿದ್ದಾಳೆ," ಎಂದಳು. ಸ್ಪಷ್ಟವಾದ, ಒಂದು ತಪ್ಪೂ ಇಲ್ಲದ ಇಂಗ್ಲಿಷಿನಲ್ಲಿ.

ಲ್ಯಾಪ್‌ಟಾಪ್ ಮುಚ್ಚುವ ತನಕ ಗುಂಡಿ ಅಲ್ಲಾಡಲಿಲ್ಲ. ಮುಚ್ಚಿದ ಮೇಲೆ ಮಂಚಕ್ಕೆ ಹಾರಿದಳು. "ಹೆಂಗಿತ್ತು? ಟೇಬಲ್‌ಗೆ ಚೇರ್ ಅಂದ್ನಲ್ಲ, ಬೇಕಂತಲೇ ಅಂದಿದ್ದು! ದೊಡ್ಡಮ್ಮಾ, ನಾನು ಡೋಲು ಅಂದೆ!" ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಿಸ್ ಮಗಳನ್ನು ಅವಚಿಕೊಂಡು ಮುದ್ದಿಟ್ಟು, ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ, ಬಕೆಟ್ ತುಂಬಿ ಹರಿಯುವವರೆಗೂ ಅತ್ತಳು.

ಒಂಬತ್ತು ದಿನಕ್ಕೆ ಕಾಗದ ಬಂತು. ಕೆಲಸ ಸಿಕ್ಕಿತ್ತು. ಎಳೆಯ ಮಕ್ಕಳ ಜೊತೆಗಿನ ಅಭ್ಯರ್ಥಿಯ ತಾಳ್ಮೆ ವಿಶೇಷವಾದದ್ದು ಎಂದು ಅದರಲ್ಲಿ ಬರೆದಿತ್ತು. ಅಕ್ಕ ಅದನ್ನು ಎರಡೆರಡು ಸಲ ಓದಿಸಿ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವ, "ನಮ್ಮ ಮನೇಲೂ ಒಬ್ಬರು ವಿಮಾನ ಹತ್ತೋರು ಆದ್ರಪ್ಪ," ಎಂದರು. ಅವರು ಎದ್ದು ಹೋದ ಮೇಲೆ ಅಕ್ಕ ದನಿ ತಗ್ಗಿಸಿದಳು.

"ಗುಂಡಿಗೆ ಹೇಳಿದ್ಯಾ?"

"ಹೇಳ್ತೀನಿ."

"ಎರಡು ವರ್ಷ ನನ್ನ ಹೊಟ್ಟೇಲಿ ಹುಟ್ಟಿದ ಮಗು ಥರ ನೋಡ್ಕೊಳ್ತೀನಿ ಕಣೇ. ನಂಗೇನು ಇನ್ನೊಂದಿದ್ಯಾ? ಆದ್ರೆ ಹೇಳೋದು ನೀನೇ ಹೇಳ್ಬೇಕು. ನನ್ನ ಮೇಲೆ ಹಾಕ್ಬೇಡ."

ಹೇಳುತ್ತೇನೆ ಎಂದವಳು ಹೇಳಲಿಲ್ಲ. ಒಂದು ದಿನ ಮಗಳಿಗೆ ನೆಗಡಿ, ಇನ್ನೊಂದು ದಿನ ಶಾಲೆಯಲ್ಲಿ ಪರೀಕ್ಷೆ, ಮತ್ತೊಂದು ದಿನ ಮಗು ಎಷ್ಟು ಖುಷಿಯಾಗಿತ್ತೆಂದರೆ ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ಹೇಳದೆ ಇರಲು ಬಯಸುವವರಿಗೆ ಕಾರಣಗಳಿಗೇನು ಬರ? ಗುಂಡಿ ಅಲ್ಲಿಯ ಸುದ್ದಿ ಕೇಳುತ್ತಲೇ ಇದ್ದಳು. ಹಿಮ ತಿನ್ನಬಹುದಾ, ಅಲ್ಲಿ ನಾಯಿಗಳಿಗೂ ಸ್ವೆಟರ್ ಹಾಕ್ತಾರಾ, ಹಾಸ್ಟೆಲಿನ ಕಿಟಕಿಯಿಂದ ಏನು ಕಾಣತ್ತೆ. ಮಿಸ್ ಪ್ರತಿಯೊಂದಕ್ಕೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಟ್ಟಳು. ಅಕ್ಕ ದಪ್ಪ ಉಣ್ಣೆಯ ಬಟ್ಟೆ ತಂದು ತಂಗಿಗೊಂದು ಕೋಟು ಹೊಲಿದಳು. ಗುಂಡಿ ಪಕ್ಕದಲ್ಲೇ ಕೂತು ನೋಡಿದಳು. ತನ್ನದು ಯಾವಾಗ ಎಂದು ಕೇಳಲಿಲ್ಲ. ದೊಡ್ಡಮ್ಮನಿಗೆ ಒಂದಾದ ಮೇಲೆ ಒಂದು ಕೆಲಸ ಮಾಡಿ ಅಭ್ಯಾಸವೆಂದು ಅವಳಿಗೆ ಗೊತ್ತಿತ್ತು.

ಹೊರಡಲು ನಾಲ್ಕು ದಿನ ಉಳಿದಾಗ ಇಸ್ತ್ರಿಯವನು ಬಟ್ಟೆಯ ಗಂಟು ಹೊತ್ತು ಬಂದ. "ಎಲ್ಲಾ ಗರಿಗರಿ ಮಾಡಿದೀನಿ ಮಿಸ್. ಆ ದೇಶದವರು ನೋಡಿ, ಯಾರಪ್ಪಾ ಇಸ್ತ್ರಿ ಮಾಡಿದ್ದು ಅಂತ ಕೇಳ್ಬೇಕು." ಎಂದು ನಕ್ಕು, ಹೊರಟವನು ನಿಂತ. "ಒಂದು ಮಾತು ಮಿಸ್. ನಿಮ್ಮ ಗುಂಡಿ ನಮ್ಮ ಮಗಳಿಗೆ ಅವಳ ಡಬ್ಬಿ ಕೊಟ್ಟುಬಿಟ್ಟಿದಾಳೆ. ಆ ಗುಂಡಿ ತುಂಬಿರೋ ಡಬ್ಬಿ. ವಾಪಸ್ ಕೊಡು ಅಂದ್ರೆ, ಇಲ್ಲ, ಅವಳು ಅಮ್ಮನ ಜೊತೆ ಹೋಗ್ತಿದಾಳೆ, ಅಲ್ಲಿ ಚಳಿಗೆ ಕೈ ಮರಗಟ್ಟಿ ಗುಂಡಿ ಹಿಡಿಯೋಕೇ ಆಗಲ್ವಂತೆ, ಅನ್ನತ್ತೆ ನಮ್ಮದು. ಒಳ್ಳೇದಾಯ್ತು ಬಿಡಿ ಮಿಸ್. ತಾಯಿ ಮಗಳು ಜೊತೇಲಿದ್ರೆ ಎಲ್ಲಿದ್ರೇನು."

ಮಿಸ್ ಬಟ್ಟೆಯ ಗಂಟನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಬಟ್ಟೆಗಳು ಇನ್ನೂ ಬಿಸಿಯಾಗಿದ್ದವು. ಪರೀಕ್ಷೆಯ ದಿನ ತಲೆ ಬಾಚುವ ಗಡಿಬಿಡಿಯಲ್ಲಿ ತಾನು ಆಡಿದ ಮಾತು ಆಗ ನೆನಪಾಯಿತು. ಕರ್ಕೊಳ್ತಾರೆ ಕಣೇ, ಕರ್ಕೊಳ್ತಾರೆ. ಮಗು ಅದನ್ನು ನಂಬಿಕೊಂಡು ಪರೀಕ್ಷೆಗೆ ನಿಂತಿತ್ತು.

ಮಧ್ಯಾಹ್ನ ಗುಂಡಿ ಶಾಲೆಯಿಂದ ಬಂದಾಗ ಮಿಸ್ ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಮುಂದಿನ ಕೋಣೆಯಲ್ಲಿ ಮೆಷಿನ್ನಿನ ಸದ್ದು ನಿಂತಿತು. ಅಕ್ಕ ಕೇಳಿಸಿಕೊಳ್ಳುತ್ತಿದ್ದಳು.

"ಬಾ ಇಲ್ಲಿ. ಕೂತ್ಕೋ." ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಅಲ್ಲಿ ಮಕ್ಕಳನ್ನ ಕರ್ಕೊಂಡು ಬರೋ ಹಾಗಿಲ್ಲ ಅಂತೆ ಕಂದಾ. ಯಾರೂ ಕರ್ಕೊಂಡು ಹೋಗೋ ಹಾಗಿಲ್ಲ."

ಗುಂಡಿ ತಲೆಯಾಡಿಸಿದಳು. "ಗೊತ್ತು. ಅದಕ್ಕೇ ತಾನೇ ಪಕ್ಕದ ಮನೆ ಮಗು ಅಂದಿದ್ದು? ನಾನು ಅಲ್ಲೂ ಮಿಸ್ ಅಂತಲೇ ಕರೀತೀನಿ. ಯಾರ ಮುಂದೇನೂ ಅಮ್ಮ ಅನ್ನಲ್ಲ. ರೂಮ್ ಬಾಗಿಲು ಹಾಕಿದ್ರೂ ಅನ್ನಲ್ಲ, ಯಾರಾದ್ರೂ ಕೇಳಿಸ್ಕೊಂಡ್ರೆ?"

"ಅಲ್ಲಿ ಒಂದೇ ಮಂಚ ಇರೋದು, ಪುಟ್ಟಾ."

"ನಾನು ಸಣ್ಣಕ್ಕೆ ಮಲಗ್ತೀನಿ."

ಹನ್ನೊಂದು ವರ್ಷ ಎಂಥೆಂಥ ದಡ್ಡ ಮಕ್ಕಳಿಗೂ ಅರ್ಥ ಮಾಡಿಸಿದವಳಿಗೆ ಈ ಜಾಣ ಮಗುವಿಗೆ ಇಷ್ಟನ್ನು ಅರ್ಥಮಾಡಿಸಲು ಮಾತು ಸಿಗಲಿಲ್ಲ. ಕೊನೆಗೆ ನೆಲ ನೋಡುತ್ತಾ ಹೇಳಿಬಿಟ್ಟಳು. "ನಾನೊಬ್ಬಳೇ ಹೋಗ್ತಿರೋದು. ನೀನು ದೊಡ್ಡಮ್ಮನ ಹತ್ರ ಇರ್ತೀಯ. ಎರಡೇ ವರ್ಷ. ಆಮೇಲೆ ಬಂದು ನಮ್ಮದೇ ಒಂದು ಮನೆ ಮಾಡ್ತೀನಿ."

ಗುಂಡಿ ಅಳಲಿಲ್ಲ. ಅತ್ತಿದ್ದರೆ ಮಿಸ್‌ಗೆ ಏನು ಮಾಡಬೇಕೆಂದು ಗೊತ್ತಿತ್ತು. ಗುಂಡಿ ತನ್ನ ಶೂಗಳನ್ನೇ ನೋಡುತ್ತಾ ಯೋಚಿಸಿದಳು, ಶಾಲೆಯಲ್ಲಿ ಕೊಟ್ಟ ಲೆಕ್ಕ ಮಾಡುವಾಗ ಯೋಚಿಸುವ ಹಾಗೆ.

"ನಾನು ಫೇಲಾ?"

"ಅಯ್ಯೋ, ಇಲ್ಲ ಕಂದಾ..."

"ನೀನೊಬ್ಬಳೇ ಪಾಸ್ ಆಗಿದೀಯ. ನಾನು ಫೇಲ್." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. "ಆದ್ರೆ ಅದನ್ನ ಬೇಕಂತ ತಪ್ಪು ಹೇಳಿದ್ದಮ್ಮಾ! ನೀನೇ ತಪ್ಪು ಹೇಳು ಅಂದಿದ್ದು. ನಂಗೆ ಎಲ್ಲಾ ಬರತ್ತೆ ಅಂತ ಅವರಿಗೆ ಗೊತ್ತಿಲ್ಲ. ಇನ್ನೊಂದ್ಸಲ ಫೋನ್ ಮಾಡು. ನಾನು ಹೇಳ್ತೀನಿ."

"ಗುಂಡೀ..."

"ಒಂದೇ ಸಲ. ಈ ಸಲ ಒಂದೂ ತಪ್ಪಾಗಲ್ಲ. ನೋಡು ಬೇಕಾದ್ರೆ."

ಬೆನ್ನ ಮೇಲಿದ್ದ ಚೀಲವನ್ನೂ ಇಳಿಸದೆ ಎದ್ದು ಹೋಗಿ, ಬಾಗಿಲ ಮೇಲೆ ಅಂಗೈ ಇಟ್ಟಳು. "ದಿಸ್ ಈಸ್ ಎ ಡೋರ್." ಕಿಟಕಿಗೆ ಹೋದಳು. "ದಿಸ್ ಈಸ್ ಎ ವಿಂಡೋ." ಮೇಜನ್ನು ಮುಟ್ಟಿ ಟೇಬಲ್ ಎಂದಳು, ಕುರ್ಚಿಯನ್ನು ಮುಟ್ಟಿ ಚೇರ್ ಎಂದಳು, ಎರಡನ್ನೂ ಒತ್ತಿ ಒತ್ತಿ. ಪಾಠದಲ್ಲಿ ಇರದಿದ್ದುದನ್ನೂ ಬಿಡಲಿಲ್ಲ. ಪರದೆ, ಬಲ್ಬು, ಬಾಚಣಿಗೆ, ಮೊಳೆಗೆ ನೇತುಹಾಕಿದ್ದ ಉಣ್ಣೆಯ ಕೋಟು, ನೆಲದ ಮೇಲೆ ಅರ್ಧ ತುಂಬಿ ಬಾಯಿ ತೆರೆದಿದ್ದ ಸೂಟ್‌ಕೇಸು. ಪ್ರತಿಯೊಂದನ್ನೂ ಮುಟ್ಟಿ, ಪೂರ್ತಿ ವಾಕ್ಯದಲ್ಲಿ, ಅಮ್ಮನ ಕಡೆ ಒಮ್ಮೆ ನೋಡಿ, ಮುಂದಕ್ಕೆ ಹೋದಳು. ಉಚ್ಚಾರ ಒಂದೂ ತಪ್ಪಲಿಲ್ಲ.

ಕೋಣೆ ಚಿಕ್ಕದು. ಹೆಸರು ಹೇಳಲು ವಸ್ತುಗಳು ಬೇಗ ಮುಗಿದುಹೋದವು. ಅವಳು ಸುತ್ತಲೂ ಒಮ್ಮೆ ಕಣ್ಣಾಡಿಸಿ, ಮತ್ತೆ ಬಾಗಿಲ ಬಳಿಗೆ ಹೋಗಿ, ಅದರ ಮೇಲೆ ಅಂಗೈ ಇಟ್ಟು, ಇನ್ನಷ್ಟು ಗಟ್ಟಿಯಾಗಿ ಮೊದಲಿನಿಂದ ಶುರುಮಾಡಿದಳು.